ನೀರು ಸಹ ಕೊಡಕೂಡದು

ನಾನು ಒಂದು ಪುಸ್ತಕ. ನನ್ನ ಹೆಸರು 'ಗೃಹಪಥ್ಯ ದರ್ಪಣ'. ಇನ್ನೂರ ನಲವತ್ತು ಪುಟ, ನೀಲಿ ರಟ್ಟು, ಬೆನ್ನಿಗೆ ಕಪ್ಪು ಬಟ್ಟೆ. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಗದಗಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಹುಟ್ಟಿದೆ. ನನ್ನ ಜೊತೆ ಇನ್ನೂ ಒಂಬೈನೂರ ತೊಂಬತ್ತೊಂಬತ್ತು ಪ್ರತಿಗಳು ಹುಟ್ಟಿದವು. ಅವು ಎಲ್ಲಿಗೆ ಹೋದವೋ, ಏನೇನು ಮಾಡಿದವೋ ನನಗೆ ತಿಳಿಯದು. ನಾನು ಮಾಡಿದ್ದನ್ನು ಮಾತ್ರ ಹೇಳಬಲ್ಲೆ.

ನನ್ನನ್ನು ಬರೆದವರು ಮುದಗಲ್ ಡಾಕ್ಟರು. ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾಗಿದ್ದರು. ಕೆಟ್ಟ ಮನುಷ್ಯರಲ್ಲ. ಮುಂಬಯಿಯಲ್ಲಿ ಓದುವಾಗ ಕೈಗೆ ಸಿಕ್ಕಿದ್ದ ಇಂಗ್ಲಿಷ್ ಪುಸ್ತಕವೊಂದನ್ನು ಮೂವತ್ತು ವರ್ಷ ಕಾಪಾಡಿಕೊಂಡು ಬಂದಿದ್ದರು. ಅದರಿಂದ ತೆಗೆದು, ಊರಿನ ರೂಢಿಯಿಂದ ಒಂದಿಷ್ಟು ಸೇರಿಸಿ, ಕನ್ನಡದ ಹೆಣ್ಣುಮಕ್ಕಳಿಗೆ ಉಪಕಾರವಾಗಲೆಂದು ನನ್ನನ್ನು ಬರೆದರು. ಹಾಗಾಗಿ ಹುಟ್ಟಿದ ದಿನವೇ ನನ್ನೊಳಗಿನ ವಿದ್ಯೆಗೆ ಮೂವತ್ತು ವರ್ಷ ವಯಸ್ಸಾಗಿತ್ತು. ಆ ಇಂಗ್ಲಿಷ್ ಪುಸ್ತಕ ಬರೆದವರು ಹುಬ್ಬಳ್ಳಿಯ ವೈಶಾಖವನ್ನು ಕಂಡವರಲ್ಲ.

ಅಚ್ಚಿನ ಮೊಳೆ ಜೋಡಿಸುತ್ತಿದ್ದ ಫಕೀರಪ್ಪ ಒಂದು ದಿನ ಗೊಣಗಿದ್ದು ನನಗೆ ನೆನಪಿದೆ. "ಈ ಡಾಕ್ಟರು ಏನ್ ತಿನ್ನಬೇಕಂತ ಬರದಾರೋ ಇಲ್ಲೋ, ತಿನ್ನಕೂಡದು ಅಂತನ ಬರದಾರ. ಅಕ್ಷರ ಸಾಲವೊಲ್ಲವು."

ಅವನು ಹೇಳಿದ್ದು ಸರಿ. ಕಾಮಾಲೆಯಾದವನು ನಲವತ್ತು ದಿನ ಎಣ್ಣೆ ತುಪ್ಪ ಮುಟ್ಟಕೂಡದು. ವಿಷಮಜ್ವರದವನಿಗೆ ಇಪ್ಪತ್ತೊಂದು ದಿನ ಕಾಳು ಕೊಡಕೂಡದು. ಹೊಟ್ಟೆಯ ಹುಣ್ಣಿನವನು ತಾಸಿಗೊಮ್ಮೆ ಹಾಲು ಬಿಟ್ಟರೆ ಬೇರೇನನ್ನೂ ಕುಡಿಯಕೂಡದು. ಹೆತ್ತವಳ ಮೊದಲ ಹಳದಿ ಹಾಲು ಕೂಸಿಗೆ ಜೀರ್ಣವಾಗದು, ಹಿಂಡಿ ಚೆಲ್ಲಬೇಕು. ಎಷ್ಟೇ ಅತ್ತರೂ ನಾಲ್ಕು ತಾಸಿಗೆ ಮುಂಚೆ ಮೊಲೆ ಕೊಡಕೂಡದು. ಇನ್ನೂರ ನಲವತ್ತು ಪುಟಗಳಲ್ಲಿ ಎಲ್ಲಿಯೂ 'ಇದು ನಮಗೆ ಸರಿಯಾಗಿ ತಿಳಿಯದು' ಎಂಬ ಮಾತಿರಲಿಲ್ಲ.

ಅರವತ್ತೊಂದನೆಯ ಪುಟದಲ್ಲಿ ಹೀಗಿತ್ತು: 'ವಾಂತಿಭೇದಿಯಾದ ಶಿಶುವಿಗೆ ಇಪ್ಪತ್ತನಾಲ್ಕು ತಾಸು ಅನ್ನಾಹಾರಗಳನ್ನು ಪೂರ್ತಿ ನಿಲ್ಲಿಸತಕ್ಕದ್ದು. ಕರುಳಿಗೆ ವಿಶ್ರಾಂತಿಯೇ ಔಷಧ. ನೀರು ಸಹ ಕೊಡಕೂಡದು.'

ಮೊದಲು ನನ್ನನ್ನು ಕೊಂಡವರು ಒಬ್ಬ ಶಾಲಾಮಾಸ್ತರರು. ನನ್ನನ್ನು ಕಪಾಟಿನಲ್ಲಿಟ್ಟು ಮರೆತರು. ಐದು ವರ್ಷ ನಾನು ಯಾರಿಗೂ ತೊಂದರೆ ಕೊಡಲಿಲ್ಲ. ನನ್ನ ಆಯುಷ್ಯದಲ್ಲಿ ನಿರಪರಾಧಿಯಾಗಿ ಕಳೆದ ಕಾಲ ಅದೊಂದೇ. ಮಾಸ್ತರರು ತೀರಿಕೊಂಡ ಮೇಲೆ ಹುಬ್ಬಳ್ಳಿ ಸ್ಟೇಶನ್ನಿನ ಎದುರು ಹಳೆ ಪುಸ್ತಕ ಮಾರುವವನ ಗೋಣಿತಟ್ಟಿನ ಮೇಲೆ ಬಂದು ಬಿದ್ದೆ. ಅಲ್ಲಿಂದ ನನ್ನನ್ನು ಎತ್ತಿಕೊಂಡವನು ಗುರುಪಾದಪ್ಪ. ರೇಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಮದುವೆಯಾಗಿ ವರ್ಷವಾಗಿತ್ತು. ಹೆಂಡತಿ ಅಂಬಕ್ಕ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಅವರಿದ್ದ ರೇಲ್ವೆ ಕ್ವಾರ್ಟರ್ಸಿನ ಸಾಲಿನ ಹನ್ನೆರಡು ಮನೆಗಳಲ್ಲಿ ಓದಲು ಬರುವ ಹೆಂಗಸು ಅವಳೊಬ್ಬಳೇ.

ನನ್ನನ್ನು ತಿರುವಿ ನೋಡಿ ಅವಳು ನಕ್ಕಳು. "ಕಥಿ ಪುಸ್ತಕ ತರ್ರಿ ಅಂದ್ರ ಕಷಾಯದ ಪುಸ್ತಕ ತಂದೀರಲ್ಲ."

"ದಪ್ಪ ಐತಿ ನೋಡು, ಲಗೂನ ಮುಗಿಯಂಗಿಲ್ಲ," ಎಂದ ಗುರುಪಾದಪ್ಪ.

ಓದಲು ಬೇರೆ ಏನೂ ಇರದಿದ್ದರಿಂದ ಅಂಬಕ್ಕ ನನ್ನನ್ನೇ ಓದಿದಳು. ಎರಡು ಸಲ, ಮೂರು ಸಲ. ಕೆಂಪು ವಸ್ತ್ರದಲ್ಲಿ ಸುತ್ತಿ ಟ್ರಂಕಿನ ಮೇಲೆ ಇಡುತ್ತಿದ್ದಳು. ಕೈ ತೊಳೆಯದೆ ಮುಟ್ಟುತ್ತಿರಲಿಲ್ಲ. ಅಚ್ಚಾದ ಮಾತು ಸುಳ್ಳಾಗಿರಬಹುದು ಎಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೂ ಹೊಳೆದಿರಲಿಲ್ಲ.

ಪಕ್ಕದ ಮನೆಯಲ್ಲಿ ಹುಸೇನಬೀ ಇದ್ದಳು. ಗಂಡ ಎಂಜಿನ್ನಿನ ಫೈರಮನ್. ಅಂಬಕ್ಕನಿಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ನಾಲ್ಕು ಮಕ್ಕಳ ತಾಯಿ. ಎರಡೂ ಮನೆಗೆ ನಡುವೆ ಒಂದೇ ಗೋಡೆ. ಅಲ್ಲಿ ಒಗ್ಗರಣೆ ಬಿದ್ದರೆ ಇಲ್ಲಿ ಸೀನು ಬರುತ್ತಿತ್ತು. ಅಂಬಕ್ಕನ ಮೊದಲ ಬಾಣಂತನದಲ್ಲಿ ನೀರು ಕಾಯಿಸಿದವಳು, ಕೂಸಿಗೆ ಎರೆದವಳು ಅವಳೇ. ಅಂಬಕ್ಕ ಅವಳನ್ನು ಹುಸೇನಕ್ಕ ಎನ್ನುತ್ತಿದ್ದಳು, ಅವಳು ಅಂಬಕ್ಕನನ್ನು ಅಂಬವ್ವ ಎನ್ನುತ್ತಿದ್ದಳು.

ಆ ಕೂಸಿನ ಹೆಸರು ಮಲ್ಲೇಶಿ. ಐವತ್ತೊಂಬತ್ತರ ವೈಶಾಖದಲ್ಲಿ ಅವನಿಗೆ ಹದಿನಾಲ್ಕು ತಿಂಗಳು. ಒಂದು ಬೆಳಿಗ್ಗೆ ವಾಂತಿಭೇದಿ ಹತ್ತಿತು. ಗುರುಪಾದಪ್ಪ ಕೆಲಸದ ಮೇಲೆ ಲೋಂಡಾಕ್ಕೆ ಹೋಗಿದ್ದ. ಅಂಬಕ್ಕ ಕೈ ತೊಳೆದು, ನನ್ನನ್ನು ಬಿಚ್ಚಿ, ಸಾಲಿನ ಕೆಳಗೆ ಬೆರಳಿಟ್ಟು ಅರವತ್ತೊಂದನೆಯ ಪುಟ ಓದಿದಳು. ಎದ್ದು ಹಾಲಿನ ಬಟ್ಟಲನ್ನು ಗೋಡೆಯ ಮಾಡದಲ್ಲಿಟ್ಟಳು. ನೀರಿನ ಬಿಂದಿಗೆಯ ಮೇಲೆ ತಟ್ಟೆ ಮುಚ್ಚಿದಳು.

ಮಧ್ಯಾಹ್ನ ಹುಸೇನಬೀ ಬಟ್ಟಲು ಹಿಡಿದು ಬಂದಳು. ಅಕ್ಕಿಯ ತೆಳುಗಂಜಿ, ಚೂರು ಉಪ್ಪು ಹಾಕಿದ್ದು.

"ಬ್ಯಾಡ ಹುಸೇನಕ್ಕ. ನಾಳೆ ಮುಂಜಾನಿ ತನಕ ಏನೂ ಕೊಡಕೂಡದು ಅಂತೈತಿ."

"ಯಾರು ಅಂದ್ರು?"

"ಡಾಕ್ಟರು. ಬುಕ್ಕಿನ್ಯಾಗ."

"ಕೂಸಿನ ಬಾಯಿ ಒಣಗೇತಲ್ಲವಾ. ಎರಡು ಗುಟುಕು ನೀರರ ಹಾಕು."

"ನೀರು ಸೈತ ಕೂಡದು ಅಂತ ಬರದಾರ. ಇಲ್ಲಿ ನೋಡು," ಎಂದು ಅಂಬಕ್ಕ ನನ್ನನ್ನು ಅವಳ ಮುಖದ ಮುಂದೆ ಹಿಡಿದಳು.

ಹುಸೇನಬೀ ನನ್ನನ್ನು ನೋಡಿದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬಟ್ಟಲು ಎತ್ತಿಕೊಂಡು ಹೋದಳು.

ಮಾರನೆಯ ಮುಂಜಾನೆಯ ಹೊತ್ತಿಗೆ ಕೂಸಿನ ಅಳು ನಿಂತಿತ್ತು. ಅಂಬಕ್ಕ ಅದನ್ನು ಗುಣವೆಂದು ತಿಳಿದಳು. ನನ್ನಲ್ಲಿ ಹಾಗೆಯೇ ಇತ್ತು: 'ಶಿಶುವು ಶಾಂತವಾಗುವುದು.' ಕೂಸಿನ ಬಟ್ಟೆ ಹಿಂಡಿಕೊಂಡು ಬರಲು ನಳಕ್ಕೆ ಹೋದಳು. ಕಾಯಲು ಹುಸೇನಬೀ ಕೂತಿದ್ದಳು. ಮಲ್ಲೇಶಿ ಮುಚ್ಚಿದ ಬಿಂದಿಗೆಯ ಕಡೆಗೇ ನೋಡುತ್ತಿದ್ದ. ಅವಳು ಒಂದು ಸಲ ಬಾಗಿಲ ಕಡೆ ನೋಡಿದಳು, ಒಂದು ಸಲ ನನ್ನ ಕಡೆ. ಎದ್ದು ಹೋಗಿ ತನ್ನ ಮನೆಯಿಂದ ಗಂಜಿ ತಂದು ನಾಲ್ಕು ಚಮಚ ಕುಡಿಸಿದಳು. ಕೂಸು ನುಂಗಿತು. ವಾಂತಿ ಮಾಡಲಿಲ್ಲ. ಐದನೆಯ ಚಮಚ ಎತ್ತುವಷ್ಟರಲ್ಲಿ ಅಂಬಕ್ಕ ಬಂದಳು. ಇಪ್ಪತ್ತನಾಲ್ಕು ತಾಸು ಇನ್ನೂ ತುಂಬಿರಲಿಲ್ಲ. ಕೂಸಿನ ತುಟಿಯ ಮೇಲಿನ ಬಿಳಿ ಗೆರೆ ನೋಡಿ ಚಮಚವನ್ನು ಕೈಯಿಂದ ಹೊಡೆದು ಬೀಳಿಸಿದಳು.

ಆ ಮಧ್ಯಾಹ್ನ ಕೂಸು ಕಣ್ಣು ತೆರೆಯದಿದ್ದಾಗ ಅಂಬಕ್ಕ ಟಾಂಗಾ ಮಾಡಿಕೊಂಡು ರೇಲ್ವೆ ಆಸ್ಪತ್ರೆಗೆ ಹೋದಳು. ಸಂಜೆ ಕಾರ್ಖಾನೆಯ ಭೋಂಗಾ ಕೂಗುವುದಕ್ಕೆ ಮುಂಚೆ ತಿರುಗಿ ಬಂದಳು. ಬರುವಾಗ ಕೂಸಿಗೆ ಉಸಿರಿರಲಿಲ್ಲ.

ಮೂರು ದಿನ ಕಳೆದ ಮೇಲೆ ಅಂಬಕ್ಕ ನಳದ ಹತ್ತಿರ, ಹನ್ನೊಂದು ಮನೆಯ ಹೆಂಗಸರೂ ಕೊಡ ಹಿಡಿದು ನಿಂತಿದ್ದಾಗ, ಕೂಗಿ ಹೇಳಿದಳು. "ಇಕಿ ಕೊಟ್ಟ ಗಂಜಿನ ನನ್ನ ಮಗನ್ನ ತಿಂತು. ಬ್ಯಾಡ ಬ್ಯಾಡ ಅಂದ್ರೂ ಕದ್ದು ಕುಡಿಸಿ ಕೊಂದಳು." ಹುಸೇನಬೀ ತುಂಬುತ್ತಿದ್ದ ಕೊಡವನ್ನು ಅಲ್ಲಿಯೇ ಬಿಟ್ಟು ಒಳಗೆ ಹೋದಳು. ಅಂದಿನಿಂದ ಆ ಒಂದೇ ಗೋಡೆಯ ಎರಡು ಬದಿಯಲ್ಲಿ ಇಬ್ಬರೂ ಇಪ್ಪತ್ತನಾಲ್ಕು ವರ್ಷ ಮಾತಿಲ್ಲದೆ ಬಾಳಿದರು.

ಅಂಬಕ್ಕ ನನ್ನನ್ನು ಒಲೆಗೆ ಹಾಕುತ್ತಾಳೆಂದು ನೀವು ತಿಳಿದಿದ್ದರೆ ನಿಮಗೆ ಮನುಷ್ಯರು ಗೊತ್ತಿಲ್ಲ. ಅವಳು ನನ್ನನ್ನು ಮೊದಲಿಗಿಂತ ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿಯಲೇಬೇಕಿತ್ತು. ನಾನು ಸುಳ್ಳಾದರೆ ತನ್ನ ಕೂಸಿನ ಬಾಯಿಗೆ ನೀರು ತಪ್ಪಿಸಿದವಳು ತಾನೇ ಆಗುತ್ತಿದ್ದಳು. ನಾನು ನಿಜವಾಗಿರುವ ತನಕ ತಪ್ಪು ಗೋಡೆಯ ಆಚೆ ಇರುತ್ತಿತ್ತು.

ಬರಬರುತ್ತ ಅವಳಿಗೆ ಬುಕ್ಕಿನ ಅಂಬಕ್ಕ ಎಂದು ಹೆಸರಾಯಿತು. ಮನೆಯಲ್ಲಿ ಯಾರಿಗಾದರೂ ಜಡ್ಡಾದರೆ ಹೆಂಗಸರು ಬಂದು ಹೊಸ್ತಿಲ ಹೊರಗೆ ಕೂರುತ್ತಿದ್ದರು. "ಅಂಬಕ್ಕ, ಬುಕ್ಕ ಕೇಳ್ರಿ." ಅವಳು ಕೈ ತೊಳೆದು, ನನ್ನನ್ನು ಬಿಚ್ಚಿ, ದೊಡ್ಡ ದನಿಯಲ್ಲಿ ಓದುತ್ತಿದ್ದಳು. ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟಾಗ ಉಡಿಯಕ್ಕಿಯ ಜೊತೆ ಒಂದು ಹಾಳೆಯನ್ನೂ ಕಟ್ಟುವ ಪದ್ಧತಿ ಆ ಸಾಲಿನಲ್ಲಿ ಶುರುವಾಯಿತು. ಬಾಣಂತಿಯ ಪಥ್ಯ, ಕೂಸಿನ ಪಥ್ಯ, ವಾಂತಿಭೇದಿ: ಮೂರನ್ನೂ ಅಂಬಕ್ಕ ತನ್ನ ದುಂಡು ಅಕ್ಷರದಲ್ಲಿ ಬರೆದುಕೊಡುತ್ತಿದ್ದಳು. ರೇಲ್ವೆಯವರ ಮಕ್ಕಳು ರೇಲ್ವೆಯವರಿಗೇ ಹೋಗುವುದು ಹೆಚ್ಚು. ಹಾಗಾಗಿ ನನ್ನ ಅರವತ್ತೊಂದನೆಯ ಪುಟ ಹುಬ್ಬಳ್ಳಿಯಿಂದ ಮೀರಜ, ಗುಂತಕಲ್, ಹೊಸಪೇಟೆ, ಲೋಂಡಾ ತನಕ ಪಾಸಿಲ್ಲದೆ ಪ್ರಯಾಣ ಮಾಡಿತು.

ಹೆಚ್ಚಿನ ಮಕ್ಕಳು ಬದುಕಿದರು. ನನ್ನಿಂದಲ್ಲ. ತಾಯಂದಿರು ಕದ್ದು ನೀರು ಕುಡಿಸುತ್ತಿದ್ದರು. ನನ್ನ ಮುಂದೆ ತಲೆಯಾಡಿಸಿ ಎದ್ದು ಹೋಗುವುದು, ಮನೆಗೆ ಹೋಗಿ ಸೆರಗಿನ ಮರೆಯಲ್ಲಿ ಚಮಚ ಹಿಡಿಯುವುದು. ಕೂಸು ಚೇತರಿಸಿಕೊಂಡ ಮೇಲೆ ಬಂದು, "ಬುಕ್ಕಿನ್ಯಾಗ ಇದ್ದಂಗನ ಮಾಡಿದ್ವಿ ಅಂಬಕ್ಕ, ಆರಾಮಾತು" ಎನ್ನುವುದು. ಕದ್ದು ಕೊಟ್ಟ ನೀರಿನ ಕೀರ್ತಿಯೆಲ್ಲ ಹೀಗೆ ನನಗೆ ಬಂತು. ಕದಿಯಲು ಧೈರ್ಯವಿಲ್ಲದ ತಾಯಂದಿರೂ ಇದ್ದರು. ಅವರು ಮತ್ತೆ ಬುಕ್ಕು ಕೇಳಲು ಬರಲಿಲ್ಲ. ಅವರು ಏಕೆ ಬರಲಿಲ್ಲವೆಂದು ಅಂಬಕ್ಕ ವಿಚಾರಿಸಲಿಲ್ಲ.

ನಾನು ಹಳದಿಯಾದೆ. ಮೂಲೆಗಳು ಮುರಿದವು. ಗುರುಪಾದಪ್ಪ ತೀರಿಕೊಂಡ. ಆ ವೇಳೆಗೆ ಮಲ್ಲೇಶಿಯ ನಂತರ ಹುಟ್ಟಿದ ಮಗ ರೇವಣ್ಣನಿಗೂ ಕಾರ್ಖಾನೆಯಲ್ಲೇ ಕೆಲಸವಾಗಿತ್ತು. ಅದೇ ಕ್ವಾರ್ಟರ್ಸು ಅವನ ಹೆಸರಿಗೆ ಬಂತು. ಹುಸೇನಬೀಯ ಮನೆಯಲ್ಲೂ ಹಾಗೆಯೇ ಆಯಿತು. ಗೋಡೆ ಬದಲಾಗಲಿಲ್ಲ.

ಎಂಬತ್ತಮೂರರ ಬೇಸಿಗೆಯಲ್ಲಿ ಅಂಬಕ್ಕನ ಮಗಳು ಕಮಲಾಕ್ಷಿ ತವರಿಗೆ ಬಂದಳು. ಅವಳ ಕೂಸು ಚಂಪಾ, ಒಂಬತ್ತು ತಿಂಗಳಿನವಳು. ಬಂದ ನಾಲ್ಕನೆಯ ದಿನ ಹೊಟ್ಟೆ ಕೆಟ್ಟಿತು. ಅಂಬಕ್ಕ ಕೈ ತೊಳೆದಳು. ನನ್ನ ಬೆನ್ನು ಎಷ್ಟು ಸಡಿಲವಾಗಿತ್ತೆಂದರೆ ಬಿಚ್ಚಿದ ಕೂಡಲೇ ಅರವತ್ತೊಂದನೆಯ ಪುಟ ತಾನಾಗಿಯೇ ತೆರೆದುಕೊಳ್ಳುತ್ತಿತ್ತು.

ಆ ದಿನವೆಲ್ಲ ಕಮಲಾಕ್ಷಿ ತಾಯಿಯ ಮಾತು ಕೇಳಿದಳು. ಮಾರನೆಯ ಬೆಳಿಗ್ಗೆ ಕೂಸಿನ ಕಣ್ಣು ಒಳಗೆ ಹೋದದ್ದನ್ನು ನೋಡಿ, ಚಪ್ಪಲಿಯನ್ನೂ ಮೆಟ್ಟದೆ ಓಡಿಹೋಗಿ, ಆರೋಗ್ಯ ಕೇಂದ್ರದ ನರ್ಸು ಕೃಪಾವತಿಯನ್ನು ಕರೆತಂದಳು.

ಕೃಪಾವತಿ ಕುಳ್ಳಗಿನ ಹೆಂಗಸು, ಮಾತು ಜೋರು. ಕೂಸಿನ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಬಿಟ್ಟಳು. ಚರ್ಮ ಮಡಿಕೆಯಾಗಿ ಹಾಗೆಯೇ ನಿಂತಿತು.

"ಏನು ಕೊಟ್ಟೀರಿ?"

"ಏನೂ ಕೊಟ್ಟಿಲ್ಲ," ಎಂದಳು ಅಂಬಕ್ಕ, ಸರಿಯಾದ ಉತ್ತರ ಹೇಳುವ ವಿದ್ಯಾರ್ಥಿಯ ಹಾಗೆ. "ಬುಕ್ಕಿನ್ಯಾಗ ಐತಿ."

ಕೃಪಾವತಿ ನನ್ನನ್ನು ಎತ್ತಿಕೊಂಡಳು. ಆ ಪುಟ ಓದಿದಳು. ಆಮೇಲೆ ಮೊದಲ ಪುಟಕ್ಕೆ ಹೋಗಿ ಇಸವಿ ನೋಡಿದಳು. "ಅಜ್ಜಿ, ಈ ಬುಕ್ಕು ನನಗಿಂತ ದೊಡ್ಡದೈತಿ. ಆಗ ಡಾಕ್ಟರು ಖರೇನ ಹಂಗ ತಿಳ್ಕೊಂಡಿದ್ರು. ಈಗಿಲ್ಲ. ಕೂಸಿನ ಮೈಯಾನ ನೀರೆಲ್ಲ ಹೋಗಾಕತ್ತೈತಿ, ನೀವು ಮ್ಯಾಲೆ ಮುಚ್ಚಳ ಹಾಕಿ ಕೂತೀರಿ. ಸಂಜಿ ತನಕ ಹಿಂಗ ಬಿಟ್ರ ಕೂಸು ಉಳಿಯಂಗಿಲ್ಲ. ಕಾಸಿ ಆರಿಸಿದ ನೀರು ಐತೇನು? ಉಪ್ಪು, ಸಕ್ರಿ? ಗಂಜಿ ಇದ್ರ ಇನ್ನೂ ಚೊಲೋ. ತೆಳ್ಳಗ, ಚೂರು ಉಪ್ಪು ಹಾಕಿ."

ಅಂಬಕ್ಕ ಎದ್ದು ನಿಂತಳು. "ಗಂಜಿ ಬ್ಯಾಡ."

"ಯಾಕ?"

"ಗಂಜಿ ಕೊಟ್ರ ಕೂಸು ಸಾಯ್ತೈತಿ."

"ಗಂಜಿ ಕೊಡದಿದ್ರ ಸಾಯ್ತೈತಿ," ಎಂದಳು ಕೃಪಾವತಿ. "ಹಾದಿ ಬಿಟ್ಟು ಸರೀರಿ."

ಅಂಬಕ್ಕ ಸರಿಯಲಿಲ್ಲ. ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ, ಎರಡೂ ಕೈಯಲ್ಲಿ ಚೌಕಟ್ಟು ಹಿಡಿದು ನಿಂತಳು. ಕಮಲಾಕ್ಷಿ ತಾಯಿಯ ಮುಖ ನೋಡಿ ಒಂದೇ ಮಾತು ಹೇಳಿದಳು. "ಯವ್ವಾ, ನಿನ್ನ ಕೈ ಮುರದಾದ್ರೂ ಒಳಗ ಹೋಗ್ತೀನಿ. ಬಿಡು."

ಅಂಬಕ್ಕ ಕೈ ಬಿಟ್ಟಳು.

ಮೂರು ಬೆರಳಿನ ಚಿಟಿಕೆ ಉಪ್ಪು, ಹಿಡಿ ಸಕ್ಕರೆ, ತಂಬಿಗೆ ನೀರು. ಕೃಪಾವತಿ ಮೊದಲು ತಾನೇ ರುಚಿ ನೋಡಿ, ಆಮೇಲೆ ಕೂಸಿಗೆ ಚಮಚ ಚಮಚವಾಗಿ ಕೊಡಿಸಿದಳು. ಮೊದಲೆರಡು ಸಲ ವಾಂತಿಯಾಯಿತು. "ಆಗ್ಲಿ, ಹತ್ತು ನಿಮಿಷ ಬಿಟ್ಟು ಮತ್ತ ಕೊಡ್ರಿ," ಎಂದಳು. ಒಲೆಯ ಮೇಲೆ ಗಂಜಿಯೂ ಆಯಿತು. ಅಂಬಕ್ಕ ಟ್ರಂಕಿನ ಬದಿಗೆ, ನನ್ನ ಪಕ್ಕದಲ್ಲಿ ಕೂತು ಪ್ರತಿ ಚಮಚವನ್ನೂ ನೋಡುತ್ತಿದ್ದಳು. ಕೂಸು ಬದುಕಲಿ ಎಂದು ಅವಳಿಗೆ ಆಸೆಯಿತ್ತು. ಬದುಕಿದರೆ ಏನಾಗುತ್ತದೆಂಬುದೂ ಅವಳಿಗೆ ತಿಳಿದಿತ್ತು.

ಮಧ್ಯಾಹ್ನ ಮೂರಕ್ಕೆ ಕಮಲಾಕ್ಷಿ ಕಿರುಚಿದಳು. "ಉಚ್ಚಿ ಹೊಯ್ತು! ಸಿಸ್ಟರ್, ನನ್ನ ಸೀರಿ ಪೂರ ತೊಯ್ಸಿತು ನೋಡ್ರಿ!"

"ಹೊಯ್ಲಿ ಬಿಡ್ರಿ, ಅದಕ್ಕಿಂತ ಚೊಲೋ ಸುದ್ದಿ ಯಾವ್ದೈತಿ," ಎಂದು ಕೃಪಾವತಿ ಚೀಲ ಹೆಗಲಿಗೆ ಹಾಕಿಕೊಂಡಳು.

ಅಂಬಕ್ಕ ಅವಳನ್ನು ಬಾಗಿಲಲ್ಲಿ ನಿಲ್ಲಿಸಿದಳು. "ಸಿಸ್ಟರ್, ಒಂದು ಮಾತು. ಹದಿನಾಲ್ಕು ತಿಂಗಳ ಕೂಸು. ಒಂದು ಹಗಲು ಒಂದು ರಾತ್ರಿ ಏನೂ ಕೊಟ್ಟಿದ್ದಿಲ್ಲ. ಮರದಿನ ಯಾರೋ ನಾಕು ಚಮಚ ಗಂಜಿ ಕುಡಿಸಿದ್ರು. ಸಂಜಿಗೆ ಹೋತು. ಆ ಗಂಜಿಗೇನು…?"

ಯಾರ ಕೂಸು, ಯಾವ ಕಾಲದ್ದು, ಕೃಪಾವತಿಗೆ ತಿಳಿಯದು. ಅವಳಿಗೆ ಇನ್ನೂ ಮೂರು ಮನೆಗೆ ಹೋಗುವುದಿತ್ತು. "ನಾಕು ಚಮಚ ಗಂಜಿಗೆ ಯಾರು ಸಾಯ್ತಾರ ಅಜ್ಜಿ? ಅದು ಸಾಲಲಿಲ್ಲ, ಅಷ್ಟ," ಎಂದು ಹೊರಟುಹೋದಳು.

ಅಂಬಕ್ಕ ಒಳಗೆ ಬಂದು ನನ್ನನ್ನು ಎತ್ತಿಕೊಂಡಳು. ಕೈ ತೊಳೆಯಲಿಲ್ಲ. ವಸ್ತ್ರವನ್ನೂ ಸುತ್ತಲಿಲ್ಲ. ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ ಪಕ್ಕದ ಮನೆಯ ಹೊಸ್ತಿಲು ದಾಟಿದಳು.

ಹುಸೇನಬೀ ಒಳಗೆ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. "ಯಾರದು?"

"ನಾನು. ಅಂಬವ್ವ."

ಬೆಳ್ಳುಳ್ಳಿ ಸುಲಿಯುವ ಕೈ ನಿಂತಿತು.

"ಈ ಬುಕ್ಕು ತಪ್ಪಂತ ಹುಸೇನಕ್ಕ," ಎಂದಳು ಅಂಬಕ್ಕ. "ನೀರು ಕೊಡಬೇಕಾಗಿತ್ತಂತ. ಗಂಜಿ ಕೊಡಬೇಕಾಗಿತ್ತಂತ. ನೀ ಮಾಡಿದ್ದು ಖರೆ ಇತ್ತಂತ."

ಹುಸೇನಬೀ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಕೆಳಗಿಟ್ಟಳು. "ನನಗೇನು ಗೊತ್ತಿತ್ತು," ಎಂದಳು. "ಕೂಸು ಬಿಂದಗಿ ನೋಡ್ತಿತ್ತು, ಕೊಟ್ಟೆ. ಸತ್ತ ಮ್ಯಾಲೆ ನೀ ಅಂದಿ, ನಾ ಕೊಂದೆ ಅಂತ. ನಿನಗ ಓದಾಕ ಬರ್ತಿತ್ತು, ನನಗ ಬರ್ತಿದ್ದಿಲ್ಲ. ಇದ್ದರೂ ಇರಬೇಕು ಅಂತ ತಿಳ್ಕೊಂಡೆ. ಇಷ್ಟು ವರ್ಷ ಹಂಗನ ತಿಳ್ಕೊಂಡೀನಿ. ನನ್ನ ಮೊಮ್ಮಕ್ಕಳಿಗೆ ಜಡ್ಡಾದಾಗ ನಾ ಕೂಸಿನ ಬಾಜೂಕ ಸೈತ ಕೂಡಲಿಲ್ಲ ಅಂಬವ್ವ. ಕೈ ತಪ್ಪಿ ಏನರ ಕುಡಿಸೇನಂತ."

ಅಂಬಕ್ಕ ಕೆಳಗೆ ಕೂರಲು ಹೋದಳು.

"ಕೂಡಬ್ಯಾಡ," ಎಂದಳು ಹುಸೇನಬೀ. ದನಿಯಲ್ಲಿ ಸಿಟ್ಟಿರಲಿಲ್ಲ. "ನನ್ನ ಮುಂದ ಯಾಕ ಹೇಳ್ತಿ? ನಳದ ಮುಂದ ಹೇಳು. ಅಲ್ಲಿ ಅಂದಿದ್ದಿ."

ಮರುದಿನ ಬೆಳಿಗ್ಗೆ ನೀರು ಬರುವ ಹೊತ್ತಿಗೆ ಅಂಬಕ್ಕ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ನಳಕ್ಕೆ ಹೋದಳು. ಹೇಳಿದಳು. ಅವಳಿಗೆ ಕೂಗಿ ಮಾತಾಡುವ ಶಕ್ತಿ ಉಳಿದಿರಲಿಲ್ಲ, ಆದರೂ ಕೂಗಿದಳು. "ನನ್ನ ಮಗ ಮಲ್ಲೇಶಿ ಗಂಜಿಯಿಂದ ಸಾಯಲಿಲ್ಲ. ನಾನು ನೀರು ಕೊಡಲಿಲ್ಲ, ಅದಕ್ಕ ಸತ್ತ. ಹುಸೇನಕ್ಕಂದು ಏನೂ ತಪ್ಪಿಲ್ಲ."

ಕೇಳಿಸಿಕೊಳ್ಳಬೇಕಾದವರು ಅಲ್ಲಿರಲಿಲ್ಲ. ಅಂದಿನ ಹನ್ನೊಂದು ಮನೆಯವರಲ್ಲಿ ಕೆಲವರು ನಿವೃತ್ತರಾಗಿ ಊರಿಗೆ ಹೋಗಿದ್ದರು, ಕೆಲವರಿಗೆ ವರ್ಗವಾಗಿತ್ತು, ಕೆಲವರು ಸತ್ತಿದ್ದರು. ಕೊಡ ಹಿಡಿದು ನಿಂತವರು ಹೊಸ ಸೊಸೆಯಂದಿರು. ಒಬ್ಬಳು ಇನ್ನೊಬ್ಬಳನ್ನು ಕೇಳಿದಳು, "ಯಾವ ಮಲ್ಲೇಶಿ?" ಇನ್ನೊಬ್ಬಳಿಗೂ ಗೊತ್ತಿರಲಿಲ್ಲ. ಮೂರನೆಯವಳು, "ಅಜ್ಜಿ, ಸ್ವಲ್ಪ ಸರೀರಿ, ನೀರು ಹೋಗ್ತಾವು," ಎಂದಳು.

ಆದರೆ ಹುಸೇನಬೀ ತನ್ನ ಬಾಗಿಲಿಗೆ ಬಂದು ಗೋಡೆ ಹಿಡಿದು ನಿಂತಿದ್ದಳು. ಅಂಬಕ್ಕ ಆ ಕಡೆ ನೋಡಿದಳು.

"ಕೇಳ್ತು," ಎಂದಳು ಹುಸೇನಬೀ. ಒಳಗೆ ಹೋದಳು. ಅದಾದ ಮೇಲೆ ಇಬ್ಬರೂ ತಬ್ಬಿಕೊಂಡರೆಂದು ಹೇಳಿದರೆ ನಿಮಗೆ ಸಮಾಧಾನವಾದೀತು, ಹಾಗಾಗಲಿಲ್ಲ. ಸಂಜೆಗೆ ಗೋಡೆಯ ಆಚೆಯಿಂದ ಒಂದು ಮಾತು ಬಂತು, "ಕೂಸು ಹ್ಯಾಂಗೈತಿ?" ಈಚೆಯಿಂದ ಉತ್ತರ ಹೋಯಿತು, "ಆರಾಮೈತಿ."

ಬರೆದುಕೊಟ್ಟ ಹಾಳೆಗಳನ್ನು ತಿರುಗಿ ತರಿಸುವುದು ಆಗಲಿಲ್ಲ. ಏಳು ಜನರ ವಿಳಾಸ ಸಿಕ್ಕಿತು. ಕಮಲಾಕ್ಷಿ ಏಳು ಕಾರ್ಡು ಬರೆದಳು. ಉಳಿದವು ಎಲ್ಲೆಲ್ಲಿಯೋ ಟ್ರಂಕುಗಳ ತಳದಲ್ಲಿ ಇನ್ನೂ ಇದ್ದರೆ ಇರಬಹುದು.

ನನ್ನನ್ನು ಸುಡಬೇಕೆಂದು ಅಂಬಕ್ಕ ಎರಡು ಸಲ ಒಲೆಯ ತನಕ ಒಯ್ದಳು. ಎರಡನೆಯ ಸಲ, ಕೂಸನ್ನು ನೋಡಲು ಬಂದಿದ್ದ ಕೃಪಾವತಿ, "ಕೊಡ್ರಿ ಇಲ್ಲೆ. ಹಿಂಗೂ ಬರೀತಿದ್ರು ಅನ್ನೂದು ನರ್ಸ್ ಟ್ರೇನಿಂಗಿನ ನಮ್ಮ ಹುಡುಗ್ಯಾರಿಗೆ ಗೊತ್ತಿರಲಿ," ಎಂದು ತೆಗೆದುಕೊಂಡಳು. ಕೊಡುವ ಮುಂಚೆ ಅಂಬಕ್ಕ ರೇವಣ್ಣನ ಪೆನ್ಸಿಲ್ ಇಸಿದುಕೊಂಡು, ಅರವತ್ತೊಂದನೆಯ ಪುಟದ ಬದಿಗೆ, ಗೋಡೆಗೆ ಒರಗಿ ನಿಧಾನವಾಗಿ ಬರೆದಳು: 'ಇದು ತಪ್ಪು. ನೀರು ಕೊಡಿರಿ. ಗಂಜಿ ಕೊಡಿರಿ. ಹುಸೇನಬೀ ಮಾಡಿದ್ದು ಖರೆ.'

ಈಗ ನಾನು ನರ್ಸುಗಳ ತರಬೇತಿ ಹಾಸ್ಟೆಲಿನ ಗ್ರಂಥಾಲಯದಲ್ಲಿದ್ದೇನೆ. ಕಪಾಟಿನ ಕೆಳಗಿನ ಖಾನೆ, ಕಿಟಕಿಯ ಎದುರು. ಮೇಲಿನ ಖಾನೆಯಲ್ಲಿ ಹೊಸ ಪುಸ್ತಕಗಳಿವೆ. ಅವುಗಳ ದನಿ ನನಗೆ ಪರಿಚಿತ. ನಾನೂ ಹೀಗೆಯೇ ಮಾತಾಡುತ್ತಿದ್ದೆ. ಅವು ಹೇಳುವುದು ನನಗಿಂತ ಹೆಚ್ಚು ಸರಿ ಇರಬೇಕು. ಇರಲಿ ಎಂದು ಬಯಸುತ್ತೇನೆ.

ಪರೀಕ್ಷೆಯ ಓದು ಬೇಜಾರಾದಾಗ ಹುಡುಗಿಯರು ನನ್ನನ್ನು ಹೊರಗೆ ತೆಗೆಯುತ್ತಾರೆ. ಒಬ್ಬಳು ದನಿ ಬದಲಿಸಿ ಓದುತ್ತಾಳೆ, ಉಳಿದವರು ನಗುತ್ತಾರೆ. ನನಗೆ ಬೇಸರವಿಲ್ಲ. ಇದನ್ನು ಓದಿ ನಗುವವರು ನಾಳೆ ಕೂಸಿಗೆ ನೀರು ಕೊಡುತ್ತಾರೆ. ಪುಟದ ಬದಿಯ ಬರಹ ಕಂಡಾಗ ಮಾತ್ರ ಯಾರಾದರೂ ಒಬ್ಬಳು, "ಹುಸೇನಬೀ ಅಂದ್ರ ಯಾರು?" ಎಂದು ಕೇಳುತ್ತಾಳೆ. ಕೃಪಾವತಿ ನಿವೃತ್ತಳಾಗಿ ಎಷ್ಟೋ ವರ್ಷವಾಯಿತು. ಗ್ರಂಥಾಲಯ ನೋಡಿಕೊಳ್ಳುವವರಿಗೂ ಗೊತ್ತಿಲ್ಲ. "ಯಾರೋ ಡಾಕ್ಟರ್ ಇರಬೇಕು," ಎನ್ನುತ್ತಾರೆ.

ಕಿಟಕಿಯ ಬಿಸಿಲು ದಿನಕ್ಕೆ ಎರಡು ತಾಸು ನನ್ನ ಮೇಲೆ ಬೀಳುತ್ತದೆ. ಪೆನ್ಸಿಲ್ಲಿನ ಅಕ್ಷರ ಮಾಸುತ್ತಿದೆ. ಅಚ್ಚಿನ ಅಕ್ಷರ ಹಾಗೆಯೇ ಇದೆ.